ರಾಮಾಂಜಿನಪ್ಪನ ನವಾಬಿ ಕಾಗದ

ತಮಿಳುನಾಡಿಗೆ ಸೇರಿದ ನಮ್ಮ ಸೂಳಗಿರಿಯಿಂದ ನಾಲ್ಕು ಮೈಲಿ ಒಳಗಿರುವ ಚಿಕ್ಕಗುಟ್ಟಪಲ್ಲಿಯಲ್ಲಿ ರಾಮಾಂಜಿನಪ್ಪನ ಮನೆಗೆ ಹೋದವರಿಗೆ ಮೊದಲು ಮಜ್ಜಿಗೆ ಸಿಗುತ್ತದೆ, ಆಮೇಲೆ ಕಾಗದದ ಕಥೆ ಸಿಗುತ್ತದೆ. ಮಜ್ಜಿಗೆ ಹೆಂಡತಿ ಮುನಿಗಂಗಮ್ಮನದು, ಕಥೆ ಅವನದು. ಮಜ್ಜಿಗೆ ಬೇಡ ಎಂದವರುಂಟು. ಕಥೆ ಬೇಡ ಎನ್ನಲು ಅವನು ಇದುವರೆಗೆ ಯಾರಿಗೂ ಸಂದು ಕೊಟ್ಟಿಲ್ಲ.

ಕಾಗದವಿರುವುದು ದೇವರ ಗೂಡಿನಲ್ಲಿ, ಹೊಗೆ ಹಿಡಿದ ಒಂದು ಬಿದಿರ ಕೊಳವೆಯೊಳಗೆ. ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಅದನ್ನು ಹೊರಗೆ ತೆಗೆದು, ನೇಗಿಲು, ಕುಡುಗೋಲು, ಬೋರಿನ ಮೋಟಾರು, ಹಳೇ ಮೊಪೆಡ್ಡುಗಳ ಸಾಲಿನಲ್ಲಿ ಬಿಚ್ಚಿಟ್ಟು, ಮೈತುಂಬ ಅರಿಶಿನ ಬಳಿದು, ಮೂರು ಕುಂಕುಮದ ಬೊಟ್ಟಿಟ್ಟು, ಒಣಗಿದ ಮೇಲೆ ಮತ್ತೆ ಸುತ್ತಿ ಒಳಗಿಡುವುದು ಮನೆತನದ ಪದ್ಧತಿ. ಹೀಗೆ ಎಷ್ಟು ತಲೆಮಾರು ಬಳಿದರೋ, ಕಾಗದವೀಗ ಎತ್ತಿನ ನಾಲಿಗೆಯಷ್ಟು ದಪ್ಪವಾಗಿತ್ತು. ಅದರಲ್ಲಿ ಏನು ಬರೆದಿದೆಯೆಂದು ಯಾರೂ ಓದಿರಲಿಲ್ಲ. ಓದುವುದು ಕಾಗದಕ್ಕೆ ಮಾಡುವ ಅವಮಾನ ಎಂದೇ ಮನೆಯವರ ತಿಳುವಳಿಕೆ.

ಓದದಿದ್ದರೂ ವಿಷಯ ಎಲ್ಲರಿಗೂ ಗೊತ್ತಿತ್ತು. ರಾಮಾಂಜಿನಪ್ಪನ ವಂಶದ ಮೂಲಪುರುಷ ನವಾಬರ ದಳವಾಯಿಯಾಗಿದ್ದ. ಅವನ ಶೌರ್ಯಕ್ಕೆ ಮೆಚ್ಚಿ ನವಾಬರು ಜಾಗೀರು ಬರೆದುಕೊಟ್ಟರು. ತಾತ ಹೇಳುವಾಗ ಜಾಗೀರು ಒಂದು ಊರು. ಅಪ್ಪ ಹೇಳುವಾಗ ಮೂರು. ರಾಮಾಂಜಿನಪ್ಪ ಸೂಳಗಿರಿ ಸಂತೆಯಲ್ಲಿ ನಿಂತು ಹೇಳುವ ಹೊತ್ತಿಗೆ ಏಳಾಗಿತ್ತು. ನಮ್ಮ ಕಡೆ ಮಳೆ ಕೈಕೊಡಬಹುದು, ಟೊಮೇಟೊ ಕೈಕೊಡಬಹುದು, ಜಾಗೀರು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸೊಂಪಾಗಿ ಬೆಳೆದಿದೆ. ಈ ಕಾಗದದ ದೆಸೆಯಿಂದಲೇ ಊರಿನ ಯಾವ ಮದುವೆಯಲ್ಲೂ ಮೊದಲ ತಾಂಬೂಲ ರಾಮಾಂಜಿನಪ್ಪನಿಗೆ ಸಲ್ಲುತ್ತಿತ್ತು. ಅವನಿಗಿದ್ದುದು ಎರಡೂವರೆ ಎಕರೆ, ಎರಡು ಹಸು, ಮತ್ತು ಈ ಮೊದಲ ತಾಂಬೂಲ. ಮೂರರಲ್ಲಿ ಯಾವುದನ್ನು ಬಿಟ್ಟುಕೊಡುತ್ತೀಯ ಎಂದು ಕೇಳಿದ್ದರೆ ಅವನು ಹಸು ಹೊಡೆದುಕೊಂಡು ಹೋಗಿ ಎನ್ನುತ್ತಿದ್ದ.

ಕೆಡುಕಾದದ್ದು ಬಾಮೈದ ನಂಜಪ್ಪನ ಮಗಳ ನಿಶ್ಚಿತಾರ್ಥದಲ್ಲಿ. ನಂಜಪ್ಪ ಮುನಿಗಂಗಮ್ಮನ ತಮ್ಮ, ಅದೇ ಊರಿನವನು. ಬೀಗರಾಗಲಿದ್ದ ರಾಮಮೂರ್ತಿ ಕೃಷ್ಣಗಿರಿ ಕಡೆಯ ನಿವೃತ್ತ ಹೆಡ್‌ಮಾಸ್ಟರು. ರಾಮಾಂಜಿನಪ್ಪ ಅವರನ್ನು ಕಂಬಕ್ಕೊರಗಿಸಿ ಕೂರಿಸಿ ಏಳು ಊರುಗಳನ್ನೂ ಒಂದೊಂದಾಗಿ ಹೇಳಿ ಮುಗಿಸಿದ. ಪೂರ್ತಿ ಕೇಳಿದ ಹೆಡ್‌ಮಾಸ್ಟರು, ಮೂವತ್ತು ವರ್ಷ ಮಕ್ಕಳಿಗೆ ಕೇಳಿದ ಅಭ್ಯಾಸಬಲದಿಂದ, ಒಂದು ಪ್ರಶ್ನೆ ಕೇಳಿದರು:

"ಸಂತೋಷ. ಕಾಗದದಲ್ಲಿ ಏನಂತ ಬರೆದಿದೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ತಾಂಬೂಲದ ತಟ್ಟೆ ಹಿಡಿದು ಬರುತ್ತಿದ್ದ ನಂಜಪ್ಪ ಅಲ್ಲೇ ನಿಂತ. ಬೀಗರ ಮುಂದೆ ತಾನೂ ಇಷ್ಟು ದಿನ ಬೆಪ್ಪನಾಗಿದ್ದೆನೆಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು.

"ಓದಿಸ್ಕೊಂಡು ಬಾ ಭಾವ," ಎಂದ. "ಮದ್ವೆಗೆ ಇನ್ನೂ ಇಪ್ಪತ್ತು ದಿನ ಐತೆ. ಜಾಗೀರು ಅಂತ ಬರ್ದಿದ್ರೆ ಮೊದಲ್ನೇ ತಾಂಬೂಲ ನಿಂದೇ, ನಾನೇ ಹೊತ್ಕೊಂಡ್ ಬಂದು ಕೊಡ್ತೀನಿ. ಇಲ್ಲಾಂದ್ರೆ ಬೀಗ್ರಿಗೆ."

"ಓದ್ಸಿದ್ರೆ ನಿನ್ನ ತೋಟಾನೂ ನನ್ನ ಜಾಗೀರ್ನಾಗೆ ಬತ್ತದೆ ಕಣ್ಲಾ, ಗ್ಯಾನ ಇರ್ಲಿ," ಎಂದ ರಾಮಾಂಜಿನಪ್ಪ.

ಮಾತಿನ ಭರದಲ್ಲಿ ಅಂದದ್ದು. ಆದರೆ ಊರಲ್ಲಿ ಭರದಲ್ಲಿ ಅಂದ ಮಾತಿಗೇ ಕಾಲು ಜಾಸ್ತಿ.

ಮರುದಿನ ರಾಮಾಂಜಿನಪ್ಪ ಬಿದಿರ ಕೊಳವೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಡೆಂಕಣಿಕೋಟೆಗೆ ಹೋದ. ಅಲ್ಲಿ ದಸ್ತಗೀರ್ ಮಾಸ್ತರೆಂಬ ಹಿರಿಯರಿದ್ದರು. ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನವಾಬರ ಕಚೇರಿ ಭಾಷೆಯಾದ ಫಾರಸಿಯನ್ನು ತಂದೆಯ ಮಗ್ಗುಲಲ್ಲಿ ಕೂತು ಕಲಿತವರು. ಕಾಗದವನ್ನು ಬಿಚ್ಚಿದ ಮಾಸ್ತರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಮೂಸಿಯೂ ನೋಡಿದರು.

"ರಾಮಾಂಜಿನಪ್ಪ, ಇದರಲ್ಲಿ ನನಗೆ ಹೋಳಿಗೆ ಕಾಣ್ತಾ ಇದೆ. ಅಕ್ಷರ ಕಾಣ್ತಾ ಇಲ್ಲ."

"ತೊಳ್ದುಬುಟ್ರೆ ಕಾಣ್ತದಾ ಮಾಸ್ತರೇ? ಸೋಪ್ನೀರು..."

ಮಾಸ್ತರು ಕಾಗದವನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿದರು. "ಮಾರಾಯ, ಆ ಮಾತು ಇನ್ನೊಂದ್ಸಲ ಆಡಬೇಡ. ಬೆಂಗಳೂರಿನ ಯೂನಿವರ್ಸಿಟಿಲಿ ಒಂದು ಹುಡುಗಿ ಇದೆ, ಶರ್ಮಿಳಾ ಅಂತ. ನಮ್ಮ ಹೊಸೂರಿನದೇ. ಅರಬ್ಬಿ, ಫಾರಸಿ, ತಾಳೆಗರಿ, ಏನಿದ್ದರೂ ಕಂಪ್ಯೂಟರಲ್ಲಿ ಓದಿಸ್ತಾಳೆ. ಅವಳ ಕ್ಯಾಮೆರಾಕ್ಕೆ ಅರಿಶಿನದ ಕೆಳಗಿರೋದೂ ಕಾಣುತ್ತೆ."

ಅರಿಶಿನದ ಕೆಳಗಿರುವುದೂ ಕಾಣುವ ಕಣ್ಣು ಲೋಕದಲ್ಲಿದೆ ಎಂದು ಕೇಳಿ ರಾಮಾಂಜಿನಪ್ಪನ ಮೈ ಝುಂ ಎಂದಿತು. ಹೆಂಡತಿಯ ಕಣ್ಣೊಂದೇ ಅಂಥದ್ದು ಎಂದು ಅವನು ಅಂದುಕೊಂಡಿದ್ದ.

ಶರ್ಮಿಳಾ ಮುಂದಿನ ಗುರುವಾರ ಕಾರಿನಲ್ಲಿ ಬಂದಳು. ಜೊತೆಗೆ ದಸ್ತಗೀರ್ ಮಾಸ್ತರು. ಡಿಕ್ಕಿ ತೆಗೆದು ಅವಳು ಮೊದಲು ಹೊರಗೆಳೆದದ್ದೇ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಅನಾಹುತವಾದದ್ದು ಅದರಿಂದ.

ಸೂಳಗಿರಿ ಸುತ್ತಿನ ಜನ ಮೂರು ಕಾಲಿನ ಸ್ಟ್ಯಾಂಡನ್ನು ಚೆನ್ನಾಗಿ ಬಲ್ಲರು. ಸರ್ವೇಯವರ ಕೈಯಲ್ಲಿ ಅದು ಒಂದು ಊರಲ್ಲಿ ಕಾಲೂರಿತೆಂದರೆ ಆರು ತಿಂಗಳಲ್ಲಿ ಅಲ್ಲಿ ಕಲ್ಲು ನೆಡುತ್ತಾರೆ, ವರ್ಷದಲ್ಲಿ ಕಾಂಪೌಂಡು ಏಳುತ್ತದೆ, ಎರಡು ವರ್ಷದಲ್ಲಿ ಫ್ಯಾಕ್ಟರಿಯ ಸೈರನ್ನು ಕೂಗುತ್ತದೆ. ಅಂಥ ಸ್ಟ್ಯಾಂಡು ರಾಮಾಂಜಿನಪ್ಪನ ಮನೆಯೊಳಕ್ಕೆ ಹೋಯಿತು. ಹಿಂದೆಯೇ ಕಿಟಕಿಗಳಿಗೆ ಕಂಬಳಿ ಬಿತ್ತು. ಒಳಗಿಂದ ನೀಲಿ ಬೆಳಕು, ಹಸಿರು ಬೆಳಕು, ಕೆಂಪು ಬೆಳಕು ಬಾಗಿಲಿನ ಸಂದಿಯಲ್ಲಿ ಮಿಂಚಿ ಮರೆಯಾಯಿತು. ನಿಶ್ಚಿತಾರ್ಥದ ಚಪ್ಪರದಲ್ಲಿ ಅಂದ ಮಾತು ಊರಿಗೆ ಜ್ಞಾಪಕ ಬಂತು. ನವಾಬರ ಕಾಗದವನ್ನು ಕಂಪ್ಯೂಟರು ಓದುತ್ತಿದೆ. ಓದಿ ಮುಗಿಸಿದ ತಕ್ಷಣ ಯಾರ ಹೊಲ ರಾಮಾಂಜಿನಪ್ಪನದೆಂದು ಅದೇ ಪ್ರಿಂಟು ಹಾಕಿ ಕೊಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಜಗುಲಿಯ ಮೇಲೆ ಮೂವತ್ತು ಜನ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾಗದ. ಜಮೀನಿನ ಪಟ್ಟಾ ತಂದವರು, ಕರೆಂಟು ಬಿಲ್ಲು ತಂದವರು, ತಾತನ ಜಾತಕ ತಂದವರು. ಒಬ್ಬ ಮುದುಕಿ ತನ್ನ ಮದುವೆಯ ಲಗ್ನಪತ್ರಿಕೆಯನ್ನೇ ತಂದಿದ್ದಳು. ನವಾಬರ ಕಾಗದಕ್ಕೆ ಎದುರಾಗಿ ಏನಾದರೊಂದು ಹಳೆಯದು ಕೈಯಲ್ಲಿರಲಿ ಎಂದು.

"ನಮ್ ಮನೆ ಐತಾ ಅದ್ರಾಗೆ, ರಾಮಾಂಜಿನಪ್ಪನೋರೇ?"

ಬೆಳಗಿನವರೆಗೆ ಅವನು ಬರೀ ರಾಮಾಂಜಿ. ಮಧ್ಯಾಹ್ನಕ್ಕೆ 'ನೋರು' ಸೇರಿತ್ತು. ಇಲ್ಲ ಕಣ್ರಪ್ಪ, ಇದು ಬರೀ ಓದೋದು, ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಒಂದೇ ಮಾತಿನಲ್ಲಿ ಹೇಳುವುದು ಆ ವಂಶದಲ್ಲಿಲ್ಲ.

"ಇದ್ರೂ ಇರ್ಲಿ ಬುಡಪ್ಪ," ಎಂದು ಅವನು ಟವೆಲು ಹೆಗಲಿಗೇರಿಸಿದ. "ಇನ್ನೂರು ವರ್ಷದಿಂದ ಉಳ್ತಾ ಇದ್ದೀರಿ. ನಾನು ಎದ್ದೋಗಿ ಅಂತೀನಾ? ಕುಂತ್ಕಳಿ. ಮಜ್ಜಿಗೆ ಕುಡೀರಿ. ಇಗಾ, ಕೇಳಿಸ್ತಾ, ಇನ್ನೂ ಹತ್ತು ಲೋಟ."

ಒಳಗಿಂದ ಮುನಿಗಂಗಮ್ಮ ಲೋಟಗಳ ಹರಿವಾಣ ಹೊತ್ತು ಬಂದಳು. "ಜಾಗೀರು ನಿಂದಂತೆ, ಮಜ್ಜಿಗೆ ನಂದಂತೆ. ಮೊಸ್ರು ಕಡೆಯೋಕೆ ನವಾಬ್ರು ಯಾರ್ನಾದ್ರೂ ಬರ್ದು ಕೊಟ್ಟವ್ರಾ ನೋಡ್ಸು," ಎಂದಳು. ಅನ್ನುತ್ತಲೇ ಎಲ್ಲರಿಗೂ ಕೊಟ್ಟಳು. ಬಂದವರಲ್ಲಿ ಇಬ್ಬರು ವಾರದ ಹಿಂದಷ್ಟೇ ಅವಳೊಂದಿಗೆ ನಲ್ಲಿಯ ಹತ್ತಿರ ಜಗಳವಾಡಿದವರು. ಅವರ ಲೋಟಕ್ಕೂ ಕೊತ್ತಂಬರಿ ಬಿತ್ತು.

ಮೂರು ಗಂಟೆಗೆ ವಿಎಓ ಕುಮಾರೇಶ್ ಬೈಕಿನಲ್ಲಿ ಬಂದಿಳಿದ. ಊರಿನ ಜಮೀನಿನ ಲೆಕ್ಕವೆಲ್ಲ ನೋಡಿಕೊಳ್ಳುವ ಸರ್ಕಾರಿ ನೌಕರ. ತನಗೆ ತಿಳಿಯದೆ ತನ್ನ ಊರಲ್ಲಿ ಸ್ಟ್ಯಾಂಡು ನಿಂತಿತೆಂದು ಅವನ ಮುಖ ಕೆಂಪಾಗಿತ್ತು.

"ಯಾರಮ್ಮಾ ನೀಂಗ? ಎಂದ ಡಿಪಾರ್ಟ್‌ಮೆಂಟ್? ಸರ್ವೇ ನಂಬರ್ ಎನ್ನ?" ಎಂದು ತಮಿಳಿನಲ್ಲಿ ಇಲಾಖೆ ಯಾವುದು, ಸರ್ವೇ ನಂಬರು ಏನು ಎಂದು ವಿಚಾರಿಸಿದ.

"ಜಮೀನಿನ ಸರ್ವೇ ಅಲ್ಲ ಸಾರ್," ಎಂದಳು ಶರ್ಮಿಳಾ. "ಒಂದು ಕಾಗದದ ಫೋಟೋ ತೆಗೀತಾ ಇದ್ದೀವಿ. ಒಂದಡಿ ಉದ್ದ, ಮುಕ್ಕಾಲಡಿ ಅಗಲ."

ಕುಮಾರೇಶ್ ಇಪ್ಪತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಅಳತೆ ಬರೆದುಕೊಂಡಿದ್ದ. ಇಷ್ಟು ಚಿಕ್ಕ ಜಮೀನು ಕಂಡಿರಲಿಲ್ಲ. ಅಭ್ಯಾಸದಂತೆ ಅದನ್ನೂ ಬರೆದುಕೊಂಡ. ಆಮೇಲೆ ಅವನ ಕೈಗೂ ಮಜ್ಜಿಗೆಯ ಲೋಟ ಬಂತು. ಅವನೂ ಜಗುಲಿಯ ತುದಿಯಲ್ಲಿ ಕೂತ.

ಸಂಜೆ ನಂಜಪ್ಪ ಹಿತ್ತಿಲ ಬಾಗಿಲಿಂದ ಬಂದ. ಕಂಕುಳಲ್ಲೊಂದು ಕುಂಬಳಕಾಯಿ.

"ಭಾವ, ಅವತ್ತು ಬೀಗ್ರ ಮುಂದೆ ಏನೋ ಅಂದ್ಬುಟ್ಟೆ. ಆ ಬೋರ್‌ವೆಲ್ ಇರೋ ತೋಟ... ಅದೇನಾದ್ರೂ ಕಂಪ್ಯೂಟರ್ ಬಾಯಿಗೆ ಬಂತಾ?"

ರಾಮಾಂಜಿನಪ್ಪನಿಗೆ ಆ ಕುಂಬಳಕಾಯಿ ಸಾಮ್ರಾಜ್ಯಾಭಿಷೇಕದ ಕಲಶದಂತೆ ಕಂಡಿತು. "ಬಂದ್ರೂ ನಿಂಗೇ ಬುಡ್ತೀನಿ ಕಣ್ಲಾ. ಅಕ್ಕನ್ನ ಕೊಟ್ಟ ಮನೆಯೋನು ನೀನು," ಎಂದು ಹೇಳಿ ಬೆನ್ನು ಸವರಿದ. ಆ ರಾತ್ರಿ ಅವನಷ್ಟು ಸುಖವಾಗಿ ಮಲಗಿದ ಜಾಗೀರುದಾರ ಈ ಸೀಮೆಯಲ್ಲಿ ಬೇರೆ ಇರಲಿಲ್ಲ. ಏಳು ಊರನ್ನೂ ಒಂದೇ ದಿನದಲ್ಲಿ ದಾನ ಮಾಡಿ ಮುಗಿಸಿದ್ದ.

ಎರಡನೆಯ ದಿನ ಅಕ್ಷರಗಳು ಎದ್ದವು.

ಅದನ್ನು ಕಂಡವರು ಈಗಲೂ ಹೇಳುತ್ತಾರೆ. ಕತ್ತಲು ಮಾಡಿದ ಕೋಣೆಯಲ್ಲಿ ಶರ್ಮಿಳಾ ಒಂದೊಂದು ಬಣ್ಣದ ಬೆಳಕನ್ನೇ ಹಾಕಿ ಫೋಟೋ ತೆಗೆದಿದ್ದಳು. ಕಡೆಗೆ ಕಣ್ಣಿಗೇ ಕಾಣದ, ಕೆಂಪಿನಿಂದ ಆಚೆಗಿನ ಒಂದು ಬೆಳಕು. "ಈ ಬೆಳಕಿಗೆ ಅರಿಶಿನ ಕಾಣೋದೇ ಇಲ್ಲ," ಎಂದಳು. "ದೀಪದ ಕಾಡಿಗೆಯಿಂದ ಮಾಡಿದ ಮಸಿ ಮಾತ್ರ ಕಾಣುತ್ತೆ." ಲ್ಯಾಪ್‌ಟಾಪಿನ ಮೇಲೆ ಹಳದಿ ಕರಗಿತು. ಕುಂಕುಮ ಕರಗಿತು. ಇನ್ನೂರು ವರ್ಷದ ಆಯುಧ ಪೂಜೆಗಳು ಒಂದರ ಹಿಂದೊಂದು ಎದ್ದು ಹೋದವು. ಅವುಗಳ ಕೆಳಗೆ, ನಿನ್ನೆ ಬರೆದಂತೆ, ಹನ್ನೊಂದು ಸಾಲು ಕಪ್ಪಗೆ ಕೂತಿತ್ತು, ಬಿರುಗಾಳಿಗೆ ಬಾಗಿದ ರಾಗಿ ತೆನೆಗಳ ಹಾಗೆ ಎಲ್ಲ ಒಂದೇ ಕಡೆಗೆ ವಾಲಿಕೊಂಡು.

ಮುನಿಗಂಗಮ್ಮ ಹರಿವಾಣ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. "ಒಳಗೇ ಇತ್ತಲ್ಲ," ಎಂದಳು ಮೆಲ್ಲಗೆ. "ನಾವು ಮುಚ್ತಾ ಇದ್ವಿ, ಅದು ಅಂಗೇ ಇತ್ತು."

"ನೀವು ಮುಚ್ಚಿದ್ದಕ್ಕೇ ಉಳ್ಕೊಂಡಿದೆ ಅಮ್ಮ," ಎಂದಳು ಶರ್ಮಿಳಾ. "ಅರಿಶಿನಕ್ಕೆ ಹುಳ ಬಂದಿಲ್ಲ. ಇದೇ ಕಾಲದ ಎಷ್ಟೋ ಕಾಗದ ಕಪಾಟಿನಲ್ಲಿದ್ದೂ ಪುಡಿಯಾಗಿ ಹೋಗಿದೆ."

ಇನ್ನು ಓದಬೇಕು. ಆ ಬರಹ ಗುಮಾಸ್ತರ ಅವಸರದ ಬರಹ. ಅಕ್ಷರಗಳಿಗೆ ಇರಬೇಕಾದ ಚುಕ್ಕೆಯಿಲ್ಲ, ಒಂದು ಪದದ ಬಾಲ ಇನ್ನೊಂದರ ಕುತ್ತಿಗೆಗೆ ಸುತ್ತಿಕೊಂಡಿದೆ. ಅಂಥ ಸಾವಿರಾರು ಹಾಳೆ ತೋರಿಸಿ ತೋರಿಸಿ ಕಂಪ್ಯೂಟರಿಗೆ ಓದು ಕಲಿಸಿದ್ದಳು ಶರ್ಮಿಳಾ. ಅದು ಪ್ರತಿ ಸಾಲಿಗೂ ಗೆರೆ ಎಳೆದುಕೊಂಡು, ಈ ಪದ ನೂರಕ್ಕೆ ತೊಂಬತ್ತು ಖಾತ್ರಿ, ಇದು ಐವತ್ತು ಖಾತ್ರಿ ಎಂದು ಪಕ್ಕದಲ್ಲಿ ತೋರಿಸುತ್ತಿತ್ತು. ಐವತ್ತು ಬಂದಲ್ಲಿ ದಸ್ತಗೀರ್ ಮಾಸ್ತರು ಕಣ್ಣು ಮುಚ್ಚಿ, ಸಾಲನ್ನು ಗಟ್ಟಿಯಾಗಿ ಗುನುಗಿ, "ಇಲ್ಲ ಮಗಳೇ, ಇದು ಕುದುರೆ ಅಲ್ಲ, ಮರ," ಎನ್ನುತ್ತಿದ್ದರು. ಶರ್ಮಿಳಾ ತಿದ್ದಿದರೆ ಕಂಪ್ಯೂಟರು ಮುಂದಿನ ಸಾಲಿನಲ್ಲಿ ಅದೇ ಪದವನ್ನು ತಾನೇ ಸರಿಯಾಗಿ ಹೇಳುತ್ತಿತ್ತು.

"ತಪ್ಪು ಅಂದ್ರೆ ಒಪ್ಕಂತದೆ, ಹೇಳಿದ್ದು ಗ್ಯಾನ ಇಟ್ಕಂತದೆ, ಎದ್ರು ಮಾತಾಡಕಿಲ್ಲ," ಎಂದು ಮುನಿಗಂಗಮ್ಮ ಅದನ್ನೇ ನೋಡುತ್ತ ಅಂದಳು. ಆಮೇಲೆ ಗಂಡನನ್ನು ನೋಡಿದಳು.

ನಾಲ್ಕು ಗಂಟೆಗೆ ಓದು ಮುಗಿಯಿತು. ಜಗುಲಿ, ಅಂಗಳ, ಎದುರು ಮನೆಯ ಮೆಟ್ಟಿಲು ಎಲ್ಲ ಜನ. ಮಾಸ್ತರು ನಿಂತುಕೊಂಡು ಕನ್ನಡದಲ್ಲಿ ಹೇಳುತ್ತ ಹೋದರು. ರಾಮಾಂಜಿನಪ್ಪ ಒಗೆದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದ.

"ಘಾಟಿಯ ಸುಂಕದ ಚೌಕಿಯವರಿಗೆ ತಿಳಿಯುವುದು ಏನೆಂದರೆ. ಗಂಗನ ಮಗ ಮುನಿಯ ಎಂಬುವನು ದಾರಿಯ ಹುಣಸೆಮರದ ಕೆಳಗೆ ಬೇಸಗೆಯ ನಾಲ್ಕು ತಿಂಗಳೂ ನೀರು ಮಜ್ಜಿಗೆ ಇಟ್ಟುಕೊಂಡು, ಬಂದವರು ಯಾರು ಎತ್ತ ಎಂದು ಕೇಳದೆ ಕೊಡುತ್ತಿದ್ದಾನೆ. ಆದಕಾರಣ ಅವನ ಎರಡು ಎತ್ತಿಗೂ ಒಂದು ಗಾಡಿಗೂ ಸುಂಕ ಕೇಳಕೂಡದು. ಅವನೂ ಅವನ ಸಂತತಿಯವರೂ ಕೊಡುವ ತನಕ ಇದು ನಡೆಯುವುದು. ಕೊಡುವುದು ನಿಂತ ದಿನ ಈ ಕಾಗದವನ್ನು ಹರಿದು ಹಾಕುವುದು."

ಮಾಸ್ತರು ಕನ್ನಡಕ ತೆಗೆದರು. ಜನ ಇನ್ನೂ ಕಾಯುತ್ತಿದ್ದರು.

"ಜಾಗೀರು?" ಎಂದ ರಾಮಾಂಜಿನಪ್ಪ.

"ಇಲ್ಲ."

"ಒಂದೂರು?"

"ಒಂದು ಮರ ಇದೆ. ಅದೂ ನೆರಳು ಮಾತ್ರ."

ದಳವಾಯಿಯ ಕತ್ತಿ ಹೋಯಿತು, ಕುದುರೆ ಹೋಯಿತು, ಏಳು ಊರೂ ಹೋದವು. ರಾಮಾಂಜಿನಪ್ಪ ಕುರ್ಚಿಯಲ್ಲೇ ಚಿಕ್ಕವನಾದ. ವಿಎಓ ಕುಮಾರೇಶ್ ದೀರ್ಘವಾಗಿ ಉಸಿರು ಬಿಟ್ಟು, ಬರೆದುಕೊಂಡಿದ್ದ ಒಂದಡಿ ಮುಕ್ಕಾಲಡಿಯನ್ನು ಹೊಡೆದುಹಾಕಿದ. ಜಗುಲಿಯ ಮೇಲಿದ್ದ ಪಟ್ಟಾಗಳೆಲ್ಲ ಮಡಚಿಕೊಂಡು ಜೇಬು ಸೇರಿದವು.

ಕುಂಬಳಕಾಯಿ ಕಳೆದುಕೊಂಡ ನಂಜಪ್ಪನಿಗೆ ಈಗ ಧೈರ್ಯ ಬಂತು. "ಅಲ್ಲ ಮಾಸ್ತರೇ, ಮುನಿಯ ಅನ್ನೋರು ನಮ್ ಸೀಮೆನಾಗೆ ಮನೆಗಿಬ್ರು. ಇದು ಭಾವನ ವಂಶದ್ದೇ ಅನ್ನೋಕೆ ಏನ್ ಗ್ಯಾರಂಟಿ? ಯಾರ್ದೋ ಕಾಗ್ದ ಎತ್ಕೊಂಡ್ ಬಂದು ಪೂಜೆ ಮಾಡಿರಬೋದು."

ಇದು ಜಾಗೀರು ಹೋದದ್ದಕ್ಕಿಂತ ದೊಡ್ಡ ಏಟು. ರಾಮಾಂಜಿನಪ್ಪ, ಬದುಕಿನಲ್ಲಿ ಮೊದಲ ಸಲ, ಬಾಯಿ ತೆರೆದವನು ಮಾತಿಲ್ಲದೆ ಮುಚ್ಚಿದ.

"ಒಂದ್ನಿಮಿಷ," ಎಂದಳು ಶರ್ಮಿಳಾ. "ಅಂಚಿನಲ್ಲಿ ಒಂದು ಸಾಲು ಉಳಿದಿದೆ. ಕುಂಕುಮ ದಪ್ಪ ಇದ್ದಿದ್ದರಿಂದ ಕಂಪ್ಯೂಟರು ಬಿಟ್ಟುಬಿಟ್ಟಿತ್ತು. ಬೇರೆ ಕೈಬರಹ, ಸಣ್ಣದು. ಬರೆಸಿದ ಅಧಿಕಾರಿಯದೇ ಇರಬೇಕು."

ಕಂಪ್ಯೂಟರು ನೂರಕ್ಕೆ ನಲವತ್ತು ಎಂದಿತು. ಮಾಸ್ತರು ಪರದೆಯ ಹತ್ತಿರ ಮುಖ ತಂದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ಅಂದುಕೊಂಡರು. ಅವರು ನಗುತ್ತಿದ್ದರು.

"ಇದು ನೂರಕ್ಕೆ ನೂರು," ಎಂದರು. "ಕೇಳಿ. 'ಇವನು ಬಹಳ ಮಾತಾಡುತ್ತಾನೆ. ಮಾತು ಶುರುಮಾಡುವ ಮೊದಲೇ ದಾರಿ ಬಿಡುವುದು.'"

ನಂಜಪ್ಪ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬುಡಿ ಮಾಸ್ತರೇ," ಎಂದ ನಂಜಪ್ಪ. "ಸಾಕ್ಷಿ ಸಿಕ್ತು. ಇದು ಭಾವನ ವಂಶದ್ದೇ."

ನಗು ಎದುರು ಮನೆಯ ಮೆಟ್ಟಿಲಿನವರೆಗೆ ಹೋಗಿ ತಿರುಗಿ ಬಂತು. ಅದು ಇಳಿದ ಮೇಲೆ, ಲಗ್ನಪತ್ರಿಕೆ ತಂದಿದ್ದ ಮುದುಕಿ ತನ್ನ ಕೈಯಲ್ಲಿದ್ದ ಲೋಟವನ್ನು ನೋಡಿದಳು. ಪಕ್ಕದವರೂ ತಮ್ಮ ತಮ್ಮ ಲೋಟ ನೋಡಿಕೊಂಡರು. ಎರಡು ದಿನದಿಂದ, ಯಾರು ಎತ್ತ ಎಂದು ಕೇಳದೆ, ಕುಡಿಸಿದ ಮಜ್ಜಿಗೆ. ಮುನಿಗಂಗಮ್ಮನಿಗೆ ಮಾತ್ರ ಅದೊಂದೂ ಗೊತ್ತಿರಲಿಲ್ಲ. ಒಳಗೆ ಇನ್ನೊಂದು ಗಡಿಗೆ ಕಡೆಯುತ್ತಿದ್ದಳು.

ಎರಡು ದಿನ ರಾಮಾಂಜಿನಪ್ಪ ಮಂಕಾಗಿದ್ದ. ಮೂರನೆಯ ದಿನ ಒಂದು ಮಾತು ಹೊಳೆದು ಎದ್ದು ಕೂತ. ಜಾಗೀರು ಇಲ್ಲದಿದ್ದರೇನು, ಸುಂಕ ಮಾಫಿ ಇದೆಯಲ್ಲ. ಶರ್ಮಿಳಾ ಕಳಿಸಿದ ಫೋಟೋವನ್ನು ಸೂಳಗಿರಿಯಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ.

ನಂಜಪ್ಪನ ಮಗಳ ಮದುವೆ ಕೃಷ್ಣಗಿರಿಯ ಛತ್ರದಲ್ಲಿ. ನೆಂಟರನ್ನು ತುಂಬಿಕೊಂಡು ಹೊರಟ ಟೆಂಪೋದಲ್ಲಿ ಅವನು ಡ್ರೈವರ್ ಅಂಬರೀಶನ ಪಕ್ಕ ಕೂತ. ಹಿಂದೆ ಮುನಿಗಂಗಮ್ಮ, ಕಾಲ ಹತ್ತಿರ ಛತ್ರಕ್ಕೆಂದು ಎರಡು ಕ್ಯಾನ್ ಮಜ್ಜಿಗೆ. ಹೆದ್ದಾರಿಯ ಟೋಲ್ ಗೇಟು ಬಂತು.

"ನಿಧಾನ್ಕೆ ಓಡ್ಸು," ಎಂದ ರಾಮಾಂಜಿನಪ್ಪ. "ಇದು ಚೌಕಿ."

ಲ್ಯಾಮಿನೇಷನ್ ಕಾಗದವನ್ನು ಎರಡೂ ಕೈಯಲ್ಲಿ ಮುಂದಿನ ಗಾಜಿಗೆ ಒತ್ತಿ ಹಿಡಿದ. ಮೇಲಿದ್ದ ಯಂತ್ರ ಒಂದು ಗಳಿಗೆ ಯೋಚಿಸಿತು. ಟೀಂ ಎಂದಿತು. ಅಡ್ಡಗಂಬ ತಾನಾಗಿ ಮೇಲೆದ್ದಿತು. ಕಿಟಕಿಯಲ್ಲಿದ್ದವನು ತಲೆಯೆತ್ತಿಯೂ ನೋಡಲಿಲ್ಲ. ಹೋಗಿ ಎಂದು ಕೈ ಆಡಿಸಿದ.

ರಾಮಾಂಜಿನಪ್ಪನ ಕಣ್ಣಲ್ಲಿ ನೀರು. "ನೋಡ್ದೇನ್ಲಾ. ಇನ್ನೂರು ವರ್ಷ ಆದ್ರೂ ಹುಕುಮು ನಡೀತದೆ. ಈ ಮಿಷನ್ನೂ ಫಾರಸಿ ಓದ್ತದೆ ಕಣ್ಲಾ."

ಗಾಜಿನ ಮೇಲ್ತುದಿಯಲ್ಲಿ ಅಂಟಿಸಿದ್ದ ಫಾಸ್ಟ್ಯಾಗ್ ಚೀಟಿಯನ್ನು ಅಂಬರೀಶ್ ನೋಡಿದ. ಜೇಬಿನಲ್ಲಿ ಹಣ ಕಡಿತವಾದ ಮೆಸೇಜಿನ ಸದ್ದಾಯಿತು. ಹೇಳಬೇಕೆಂದು ಬಾಯಿ ತೆರೆದ. ಪಕ್ಕದಲ್ಲಿದ್ದ ಮುಖ ನೋಡಿ, "ಹೌದು ಮಾವ," ಎಂದ. ಹಿಂದಿನ ಸೀಟುಗಳಲ್ಲಿದ್ದ ಹನ್ನೆರಡು ಜನ ನೆಂಟರಿಗೂ ಫಾಸ್ಟ್ಯಾಗ್ ಗೊತ್ತು. ಹನ್ನೆರಡು ಜನವೂ ಹೊರಗೆ ನೋಡಿದರು. ಅವರಲ್ಲಿ ಪ್ರತಿಯೊಬ್ಬರ ಹೊಟ್ಟೆಯಲ್ಲೂ ಆ ಮನೆಯ ಮಜ್ಜಿಗೆಯಿತ್ತು.

ಛತ್ರದಲ್ಲಿ ಮುಹೂರ್ತ ಮುಗಿದು ತಾಂಬೂಲದ ಹೊತ್ತಾಯಿತು. ನಂಜಪ್ಪ ತಟ್ಟೆ ಹಿಡಿದು ಬಂದ. ರಾಮಮೂರ್ತಿ ಹೆಡ್‌ಮಾಸ್ಟರು ಮುಂದಿನ ಸಾಲಿನಲ್ಲಿದ್ದರು, ಪಕ್ಕದಲ್ಲಿ ರಾಮಾಂಜಿನಪ್ಪ. ಆಡಿದ ಮಾತಿನಂತೆ ಅದು ಬೀಗರಿಗೆ ಹೋಗಬೇಕು. ರಾಮಾಂಜಿನಪ್ಪ ನೆಲ ನೋಡುತ್ತಿದ್ದ. ತಟ್ಟೆ ಹತ್ತಿರ ಬಂತು, ನಿಂತಂತಾಯಿತು. ಅವನು ತಡೆಯಲಾರದೆ ಕೈ ಅರ್ಧ ಎತ್ತಿದ. ತಟ್ಟೆ ಅವನನ್ನೂ ದಾಟಿತು, ಬೀಗರನ್ನೂ ದಾಟಿತು. ಅಡುಗೆ ಮನೆಯ ಬಾಗಿಲಲ್ಲಿ ಮಜ್ಜಿಗೆ ಲೋಟಗಳ ಹರಿವಾಣ ಹೊತ್ತು ನಿಂತಿದ್ದ ಮುನಿಗಂಗಮ್ಮನ ಮುಂದೆ ಹೋಗಿ ನಿಂತಿತು.

"ತಗೋ ಅಕ್ಕ."

"ನಂಗ್ಯಾಕ್ಲಾ? ನಿಮ್ ಭಾವ್ನಿಗೆ ಕೊಡು."

"ಕೊಡೋರ್ಗೆ ಅಂತ ಬರ್ದೈತೆ ಕಾಗ್ದದಾಗೆ. ಭಾವ ಹುಟ್ದಾಗ್ನಿಂದ ಒಂದ್ ಲೋಟ ಯಾರ್ಗಾದ್ರೂ ಕೊಟ್ಟಿರೋದ್ನ ನೀನು ಕಂಡಿದ್ದೀಯಾ?"

ಹೆಡ್‌ಮಾಸ್ಟರು ಮೊದಲು ಸರಿ ಎಂದು ತಲೆಯಾಡಿಸಿದರು. ಛತ್ರವೆಲ್ಲ ರಾಮಾಂಜಿನಪ್ಪನ ಕಡೆ ತಿರುಗಿತು. ಅವನು ಎದ್ದ. ಎದ್ದು ಸಿಟ್ಟಾಗಿ ಹೊರಟೇಹೋಗುತ್ತಾನೆಂದು ಎಲ್ಲರೂ ತಿಳಿದರು. ಅವನು ಹೆಂಡತಿಯ ಹತ್ತಿರ ಹೋಗಿ, ತಾಂಬೂಲವನ್ನೂ ಹಿಡಿದು ಬೆಪ್ಪಾಗಿ ನಿಂತಿದ್ದ ಅವಳ ಕೈಯಿಂದ ಲೋಟಗಳ ಹರಿವಾಣವನ್ನು ಮೆಲ್ಲಗೆ ಬಿಡಿಸಿಕೊಂಡ.

"ನೀನು ಕುಂತ್ಕ," ಎಂದ. "ನನ್ ಕುರ್ಚಿನಾಗೆ."

ಆಮೇಲೆ ಪಂಕ್ತಿಯ ಈ ತುದಿಯಿಂದ ಮಜ್ಜಿಗೆ ಕೊಡುತ್ತ ಹೊರಟ. ಪ್ರತಿಯೊಬ್ಬರ ಮುಂದೂ ಲೋಟ ಇಟ್ಟು, "ನಮ್ ಮುನಿಯಪ್ಪ ಅಂತ ಒಬ್ರಿದ್ರು, ಘಾಟಿ ಹತ್ರ ಒಂದು ಹುಣಸೆಮರ..." ಎಂದು ಆರಂಭಿಸುವನು. ಕೂತವರು ಲೋಟವನ್ನು ಒಂದೇ ಗುಟುಕಿಗೆ ಎತ್ತಿ, ಬರಿದು ಮಾಡಿ, ಅವನು ಮರದ ಬುಡ ಮುಟ್ಟುವುದರೊಳಗೆ ಎದ್ದು ದಾರಿ ಬಿಡುವರು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ ಆ ಅಪ್ಪಣೆ ಇನ್ನೂ ಚಾಚೂ ತಪ್ಪದೆ ಜಾರಿಯಲ್ಲಿತ್ತು.